ಅಕ್ಕಿಯೇನೋ ಬಂತು, ಅನ್ನದ ಜೊತೆಗೇನು?

ಭದ್ರಾ ನಾಲೆಯ ನೀರುಂಡ ನಮ್ಮ ಸೀಮೆಯಲ್ಲಿ ಭತ್ತಕ್ಕೆ ಬರವಿಲ್ಲ. ದಾವಣಗೆರೆ ಅಂದರೆ ಸಾಕು, ಪರಊರಿನವರು ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿ ನೆನೆದು ಬಾಯಿ ಚಪ್ಪರಿಸುತ್ತಾರೆ. ಆದರೆ ಸೋದರಿಯರೇ, ಒಂದೇ ಊರಿನ ಎರಡು ಓಣಿಗಳಲ್ಲಿ ತಟ್ಟೆಗೆ ಬೀಳುವುದು ಒಂದೇ ಆಗಿದೆಯೇ? ಒಂದು ಹಾಳೆ, ಪೆನ್ಸಿಲ್ಲು ತೊಗೊಂಡು ನಕ್ಷೆ ಬರೆದು ನೋಡೋಣ.

ನಡುವೆ ರೈಲುಹಳಿ ಎಳೆಯಿರಿ. ಒಂದು ಕಡೆ ಹಳೇ ಊರು, ಆಜಾದ್ ನಗರ, ಮಂಡಕ್ಕಿ ಭಟ್ಟಿಗಳು. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ವಿದ್ಯಾನಗರ. ತಮಾಷೆ ನೋಡಿ, ತರಕಾರಿಯ ಕೆ.ಆರ್. ಮಾರ್ಕೆಟ್ ಇರುವುದು ಹಳೇ ಊರಿನಲ್ಲೇ! ಒಳ್ಳೆಯ ಅಂಗಡಿಯೇ ಇಲ್ಲದ ಬಡ ಬಡಾವಣೆಗಳಿಗೆ ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ‘ಆಹಾರದ ಮರುಭೂಮಿ’ ಅಂತ ಹೆಸರಿಟ್ಟರು. ನಮ್ಮಲ್ಲಿ ಹಾಗಲ್ಲ. ತಳ್ಳುಗಾಡಿ ಮನೆ ಬಾಗಿಲಿಗೇ ಬರುತ್ತದೆ. ಕೊರತೆ ಇರುವುದು ಕೈಯಲ್ಲಿನ ಕಾಸಿನಲ್ಲಿ, ಹೊತ್ತಿನಲ್ಲಿ.

ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ತಿಂಗಳ ಸಂಬಳದಲ್ಲಿ ದಿನಸಿ ತರುತ್ತಿದ್ದ ಎಷ್ಟೋ ಮನೆಗಳು ದಿನಗೂಲಿಗೆ ಇಳಿದವು. ಸಂಜೆ ಕೂಲಿ ಕೈಗೆ ಬಂದ ಮೇಲೆ ಚೂರು ಬೇಳೆ, ಸಣ್ಣ ಪಾಕೀಟು ಎಣ್ಣೆ. ಹಾಗೆ ಚಿಲ್ಲರೆ ಕೊಂಡರೆ ಕಿಲೋ ಲೆಕ್ಕಕ್ಕೆ ತುಟ್ಟಿ ಬೀಳುವುದು ಬಡವರಿಗೇ ಅಲ್ಲವೇ?

ಸರ್ಕಾರ ಸುಮ್ಮನೆ ಕೂತಿಲ್ಲ, ನಿಜ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು, ಕಿಲೋ ಅಕ್ಕಿಗೆ ಒಂದೇ ರೂಪಾಯಿ. 2015ರಿಂದ ಅದೂ ಇಲ್ಲ, ಪುಕ್ಕಟೆ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು ಆಮೇಲೆ ನಮ್ಮೂರಿಗೂ ಬಂತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ; ಹರಿಹರದಿಂದ ಸಂತೆ-ಪೇಟೆಗೆ ಬಂದುಹೋಗುವವರಿಗೆ ಚಾರ್ಜು ಉಳಿಯಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಹೊಟ್ಟೆ ತುಂಬೋದು ಬೇರೆ, ಮೈಗೆ ಹತ್ತೋದು ಬೇರೆ! ಬರೀ ಅನ್ನ-ಸಾರಿನಲ್ಲಿ ಮೈಗೆ ಬೇಕಾದಷ್ಟು ಕಬ್ಬಿಣದಂಶ ಸಿಗುವುದಿಲ್ಲ. ಮಕ್ಕಳಿಗೆ, ಗಂಡಸರಿಗೆ ಬಡಿಸಿ ಕಡೆಗೆ ಉಣ್ಣುವವಳ ತಟ್ಟೆಗೆ ಪಲ್ಯ ಎಷ್ಟು ಉಳಿದೀತು?

ನಿಮ್ಮ ವಾರ್ಡಿನ ನಕ್ಷೆಯನ್ನೂ ಹೀಗೇ ಬರೆಯಿರಿ. ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಸೊಪ್ಪಿನ ಗಾಡಿ ಎಲ್ಲಿವೆ, ನಡೆದರೆ ಎಷ್ಟು ನಿಮಿಷ ಅಂತ ಗುರುತು ಹಾಕಿ. ಮುಖ್ಯವಾಗಿ, ಕೂಲಿ ಮುಗಿಸಿ ಬಂದವಳಿಗೆ ಆ ಹೊತ್ತಿನಲ್ಲಿ ರೇಷನ್ ಅಂಗಡಿ ತೆರೆದಿರುತ್ತದೆಯೇ ನೋಡಿ. ಇಲ್ಲವಾದರೆ ಅಕ್ಕಿ ತರಲು ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಆ ಹಾಳೆಯನ್ನು ವಾರ್ಡಿನ ಸದಸ್ಯರ ಮುಂದಿಡಿ. ಸ್ತ್ರೀಶಕ್ತಿ ಸಂಘದವರು ಕೂಡಿ ಬೇಳೆ, ಶೇಂಗಾ ಮೂಟೆಗಟ್ಟಲೆ ಕೊಂಡು ಹಂಚಿಕೊಂಡರೆ ಬಡವರಿಗೂ ಸಗಟು ದರ ಸಿಕ್ಕೀತು.

ಕಡೆಗೊಂದು ಅಡುಗೆಮನೆಯ ಮಾತು. ನುಗ್ಗೆಸೊಪ್ಪಿನ ಪಲ್ಯಕ್ಕೆ ಶೇಂಗಾಪುಡಿ ಉದುರಿಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಸೊಪ್ಪಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಸೇರುತ್ತದೆ. ಊಟವಾದ ಕೂಡಲೇ ಚಹಾ ಬೇಡ, ಅದು ಕಬ್ಬಿಣದಂಶಕ್ಕೆ ಅಡ್ಡಿ. ಮತ್ತೆ, ಬಡಿಸುವ ಮುಂಚೆ ನಿಮ್ಮ ಪಾಲಿನ ಪಲ್ಯ ತೆಗೆದಿಡಲು ಮರೆಯಬೇಡಿ.