ಪೆನ್ನುಗಳಿಗೊಂದು ಮನೆ



ಬಣ್ಣಬಣ್ಣದ ಪೆನ್ನು, ಪರಿಮಳದ ರಬ್ಬರು, ತರಹೇವಾರಿ ಕ್ಲಿಪ್ಪುಗಳನ್ನು ಕೂಡಿಡುವ ಹವ್ಯಾಸ ನಿಮ್ಮಲ್ಲಿ ಹಲವರಿಗಿದೆ. ತಪ್ಪೇನಿಲ್ಲ. ಆದರೆ ಪರೀಕ್ಷೆಯ ಬೆಳಿಗ್ಗೆ ಇಪ್ಪತ್ತು ಪೆನ್ನುಗಳ ನಡುವೆ ಬರೆಯುವಂಥದ್ದು ಒಂದೂ ಸಿಗದೆ, ಕೈವಾರ ಮಂಚದ ಕೆಳಗೆ ಸೇರಿ, ಮನೆಮಂದಿಯೆಲ್ಲ ಹುಡುಕಾಟಕ್ಕೆ ಇಳಿಯುವ ಪ್ರಸಂಗವೂ ನಿಮಗೆ ಹೊಸದಲ್ಲ. ಇವಕ್ಕೆಲ್ಲ ಒಂದು ನೆಲೆ ಬೇಕು. ಅದು ಚೆಂದವಾಗಿರಲಿ, ಆದರೆ ಕೊಳ್ಳುವ ಮುನ್ನ ಕಣ್ಣಿನ ಜೊತೆಗೆ ಸ್ಕೇಲನ್ನೂ ಬಳಸಿ.

ಹೊಸ ಪೆನ್ಸಿಲಿನ ಉದ್ದ ಸುಮಾರು 17.5 ಸೆಂ.ಮೀ., ಪೆನ್ನಿನದು 14 ಅಥವಾ 15. ಪೆನ್ ಸ್ಟ್ಯಾಂಡು 10 ಸೆಂ.ಮೀ. ಆಳವಿದ್ದರೆ ಸಾಕು. ಅದಕ್ಕಿಂತ ಆಳವಾದರೆ ಗಿಡ್ಡ ಪೆನ್ಸಿಲುಗಳು ತಳ ಸೇರಿ ಕಣ್ಮರೆಯಾಗುತ್ತವೆ. ತೀರಾ ಕಡಿಮೆಯಾದರೆ ಎಲ್ಲವೂ ಹೊರಕ್ಕೆ ವಾಲುತ್ತವೆ. ಭೌತವಿಜ್ಞಾನದ ಪಾಠ ನೆನಪಿಸಿಕೊಳ್ಳಿ: 30 ಸೆಂ.ಮೀ. ಸ್ಕೇಲಿನ ಗುರುತ್ವ ಕೇಂದ್ರ ಅದರ ನಡುವೆ, ಅಂದರೆ ಸ್ಟ್ಯಾಂಡಿನ ಬಾಯಿಗಿಂತಲೂ ಮೇಲೆ ಇರುತ್ತದೆ. ಹಗುರವಾದ ಪ್ಲಾಸ್ಟಿಕ್ ಡಬ್ಬಿಗೆ ಅಂಥ ಸ್ಕೇಲು ಹಾಕಿದೊಡನೆ ಮಗುಚುವುದು ಇದರಿಂದಲೇ. ತಳ ಅಗಲವಾಗಿ, ತೂಕವಾಗಿ ಇರಬೇಕು. ನೀವು ಮೆಚ್ಚಿದ ಡಬ್ಬಿ ಹಗುರವಾಗಿದ್ದರೆ ತಳಕ್ಕೆ ತೊಳೆದು ಒಣಗಿಸಿದ ಒಂದು ಹಿಡಿ ಬೆಣಚುಕಲ್ಲು ಹಾಕಿ, ಮೇಲೊಂದು ರಟ್ಟು ಕೂರಿಸಿ.

ನಾನೇ ಒಮ್ಮೆ ಜಾತ್ರೆಯಲ್ಲಿ ಆನೆಯಾಕಾರದ ಸ್ಟ್ಯಾಂಡೊಂದಕ್ಕೆ ಮನಸೋತು ತಂದೆ. ಬೆನ್ನಿನಲ್ಲಿ ಆರು ತೂತುಗಳಿದ್ದವು. ಮನೆಗೆ ಬಂದು ನೋಡಿದರೆ ಪೆನ್ಸಿಲು ಬಿಟ್ಟು ಬೇರಾವುದೂ ಅದರೊಳಗೆ ಇಳಿಯಲಿಲ್ಲ! ಅಂಗಡಿಗೆ ಹೋಗುವಾಗ ನಿಮ್ಮ ಅತಿ ದಪ್ಪನೆಯ ಪೆನ್ನು ಜೇಬಿನಲ್ಲಿರಲಿ.

ಚೆಂದದ ಮಾತಿಗೆ ಬಂದರೆ, ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣ ನೆನಪಾಗುತ್ತದೆ. ಬೊಂಬೆ ಮಾಡುವ ಕೈಗಳೇ ಅಲ್ಲಿ ಪೆನ್ ಸ್ಟ್ಯಾಂಡುಗಳನ್ನೂ ಮಾಡುತ್ತವೆ. ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚದ ಕೆಲಸವೇ ಇಲ್ಲ. ಒಣ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಹೀಗೆ ಶಾಖದಿಂದ ಹತ್ತಿದ ಬಣ್ಣವಾದ್ದರಿಂದ ಶಾಖವೇ ಅದಕ್ಕೆ ಶತ್ರು. ಕಿಟಕಿಯ ಬಿಸಿಲಿನಲ್ಲಿ, ಬಿಸಿ ಕಾಫಿ ಲೋಟದ ಪಕ್ಕದಲ್ಲಿ ಇಡಬೇಡಿ. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಆದ್ದರಿಂದ ಸ್ಯಾನಿಟೈಸರಿನಿಂದ ಒರೆಸಲೂಬೇಡಿ, ಒಣ ಬಟ್ಟೆ ಸಾಕು.

ಎಲ್ಲರಿಗೂ ಸ್ವಂತ ಮೇಜು ಇರುವುದಿಲ್ಲ, ನಿಜ. ಊಟದ ಮೇಜಿನ ಮೇಲೋ, ಚಾಪೆಯ ಮೇಲೋ, ಹಾಸ್ಟೆಲಿನ ಮಂಚದ ಮೇಲೋ ಓದುವವರು ಹಿಡಿ ಇರುವ, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಬುಟ್ಟಿಯನ್ನೋ ಪೆಟ್ಟಿಗೆಯನ್ನೋ ಆರಿಸಬೇಕು. ತಟ್ಟೆ ಹಾಕುವ ಹೊತ್ತಿಗೆ ಅಮ್ಮ ಗದರುವ ಮೊದಲೇ ನಿಮ್ಮ ಸಂಸಾರ ಜಾಗ ಖಾಲಿ ಮಾಡಿರುತ್ತದೆ! ಹಿಂದೆ ಗುಮಾಸ್ತರು ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕು ಇಂಥದ್ದೇ. ಮುಚ್ಚಳವೇ ಬರೆಯುವ ಹಲಗೆ, ಒಳಗೆ ಕಾಗದ, ಲೇಖನಿ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಅದೊಂದಿದ್ದರೆ ಕೇಳಿ ಪಡೆಯಿರಿ. ಅದಕ್ಕಿಂತ ಸೊಗಸಾದದ್ದು ಅಂಗಡಿಯಲ್ಲಿ ಸಿಗುವುದು ಅನುಮಾನ.

ಇನ್ನು ಜೋಡಿಸುವ ಬಗೆ. ಇಂಕ್ ಪೆನ್ನನ್ನು ನಿಬ್ಬು ಮೇಲಾಗಿ ನಿಲ್ಲಿಸಿ, ಇಲ್ಲವಾದರೆ ಮುಚ್ಚಳದೊಳಗೆ ಶಾಯಿ ಸೋರೀತು. ಸ್ಕೆಚ್ ಪೆನ್ನುಗಳನ್ನು ಮಲಗಿಸಿಡುವುದು ಒಳ್ಳೆಯದು. ದಿನಾ ಬೇಕಾಗುವ ನಾಲ್ಕೈದು ಮಾತ್ರ ಮುಂದೆ ಇರಲಿ, ಸಂಗ್ರಹದ ಉಳಿದವು ಡಬ್ಬಿಯಲ್ಲಿರಲಿ. ಗುಂಡುಪಿನ್ನು, ಕ್ಲಿಪ್ಪು, ಮೆಂಡರುಗಳಿಗೆ ಆರು ಖಾಲಿ ಬೆಂಕಿಪೊಟ್ಟಣಗಳನ್ನು ಗೋಂದಿನಿಂದ ಒಂದರ ಮೇಲೊಂದು ಅಂಟಿಸಿ, ಸುತ್ತ ಬಣ್ಣದ ಕಾಗದ ಸುತ್ತಿ. ಎಳೆದು ತೆಗೆಯುವ ಪುಟ್ಟ ಖಾನೆಗಳು ಸಿದ್ಧ. ಹಿಡಿಗೆ ಹಳೆಯ ಅಂಗಿಯ ಗುಂಡಿಗಳನ್ನು ಹೊಲಿದರಾಯಿತು.