ನಿಮಗಿದು ಗೊತ್ತೆ? ಅಂಗೈಯಗಲದ ಆಟ

● ಕಾರವಾರ, ಅಂಕೋಲಾ ಕಡೆಯ ಜಾತ್ರೆಗಳಿಂದ ಮೈಸೂರಿನ ಪೇಟೆಯವರೆಗೆ 90ರ ದಶಕದ ಮಕ್ಕಳು ಹಟ ಹಿಡಿದು ಕೊಡಿಸಿಕೊಂಡ ‘ಬ್ರಿಕ್ ಗೇಮ್’ ನೆನಪಿದೆಯೆ? ಪೆಟ್ಟಿಗೆಯ ಮೇಲೆ ‘9999 ಇನ್ 1’ ಎಂದಿದ್ದರೂ ಒಳಗಿದ್ದದ್ದು ಬೆರಳೆಣಿಕೆಯ ಆಟಗಳೇ. ತಯಾರಕರು ವೇಗ, ಹಂತ ಬದಲಿಸಿ ಲೆಕ್ಕ ಹಿಗ್ಗಿಸುತ್ತಿದ್ದರು.

● ಅದರ ಮೂಲ ‘ಟೆಟ್ರಿಸ್’. ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ 80ರ ದಶಕದ ನಡುವೆ ರೂಪಿಸಿದ ಆಟ.

● ಇದೇ ಟೆಟ್ರಿಸ್ ಅನ್ನು ಅಂಗೈಗೆ ತಂದ, ಜಪಾನಿನ ನಿಂಟೆಂಡೊ ಕಂಪನಿಯ ಆಟದ ಯಂತ್ರ ‘ಗೇಮ್ ಬಾಯ್’ ಮಾರುಕಟ್ಟೆಗೆ ಬಂದದ್ದು 1989ರ ಏಪ್ರಿಲ್ 21ರಂದು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸಾಕಿತ್ತು. ಬಣ್ಣದ ಮಾದರಿಯೂ ಸೇರಿ ಮಾರಾಟವಾದದ್ದು 11.8 ಕೋಟಿಗೂ ಹೆಚ್ಚು!

● 1993ರಲ್ಲಿ ರಷ್ಯಾದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ‘ಮಿರ್’ ನಿಲ್ದಾಣಕ್ಕೆ ಗೇಮ್ ಬಾಯ್ ಒಯ್ದಿದ್ದರು. 2011ರಲ್ಲಿ ಅದು 1,220 ಡಾಲರಿಗೆ ಹರಾಜಾಯಿತು.

● ಮೊದಲ ಗೇಮ್ ಬಾಯ್ ಪರದೆಗೆ ಬೆಳಕೇ ಇರಲಿಲ್ಲ. ಇಂದಿನ ಸಂಗ್ರಾಹಕರು ಮೂರು ಕವಲಿನ ವಿಶೇಷ ಸ್ಕ್ರೂಡ್ರೈವರಿನಿಂದ ಅದನ್ನು ಬಿಚ್ಚಿ, ಬೆಳಗುವ ಪರದೆ, ಪಾರದರ್ಶಕ ಕವಚ, ಬಣ್ಣದ ಗುಂಡಿ ಕೂರಿಸುತ್ತಾರೆ. ಗೇಮ್ ಬಾಯ್‌ಗೆ ಹಾಕುವ ಹಳೆಯ ‘ಪೊಕೆಮಾನ್’ ಆಟದ ಕಾರ್ಟ್ರಿಜ್‌ನೊಳಗೆ ನಾಣ್ಯದಂಥ ಸೆಲ್ ಒಂದಿದೆ. ಅದು ಸತ್ತರೆ ಉಳಿಸಿಟ್ಟ ಆಟವೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಅಭಿಮಾನಿಗಳು ಬೆಸುಗೆ ಹಾಕಿ ಹೊಸದನ್ನು ಕೂರಿಸುತ್ತಾರೆ.

● ಕೈಯಲ್ಲಿ ಹಿಡಿವ ಆಟದ ಗೀಳು ನಮಗೇನೂ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಇಸ್ಪೀಟಿನಂಥ ಎಲೆಯಾಟದಲ್ಲಿ ಹೊಸ ಹೊಸ ಆಟಗಳನ್ನೇ ರೂಪಿಸಿದ್ದರು. ಕೆಲವು ಕಟ್ಟುಗಳಲ್ಲಿ 360 ಎಲೆಗಳವರೆಗೆ ಇರುತ್ತಿದ್ದವು. ಕಾರವಾರದಿಂದ ಗೋವಾ ದಾಟಿದರೆ ಸಿಗುವ ಸಾವಂತವಾಡಿಯ ಅರಮನೆಯಲ್ಲಿ ಈಗಲೂ ಕಲಾವಿದರು ದುಂಡನೆಯ ಗಂಜೀಫಾ ಎಲೆಗಳಿಗೆ ಕೈಯಾರೆ ಬಣ್ಣ ಬರೆಯುತ್ತಾರೆ. ಸಂಗ್ರಾಹಕರು ಅವನ್ನು ಕೊಂಡೊಯ್ಯುತ್ತಾರೆ.