ಕಿಲ್‌ಡ್ರಮ್ಮಿ ಕೋಟೆಯ ಬೀಗದ ಕೈ

ಬ್ರಿಟನ್ನಿನಲ್ಲಿ ಮಾರ್ ಹೆಸರಿನ ಅರ್ಲ್ ಪದವಿಗಳು ಇಂದು ಎರಡಿವೆ. ಒಂದು ಹೆಣ್ಣುಮಕ್ಕಳಿಗೂ ಬರುತ್ತದೆ, ಇನ್ನೊಂದು ಗಂಡುಸಂತಾನಕ್ಕೆ ಮಾತ್ರ. ಈ ತೊಡಕಿನ ಬೇರು ಹುಡುಕುತ್ತ ಹೋದರೆ ಸ್ಕಾಟ್ಲೆಂಡಿನ ಇಸಬೆಲ್ ಡಗ್ಲಸ್ ಎದುರಾಗುತ್ತಾಳೆ.

ಮಾರ್ ಅವಳ ತಾಯಿಯ ತವರಿನ ಸಂಸ್ಥಾನ. ಸೋದರಮಾವ ಥಾಮಸ್‌ಗೆ ಮಕ್ಕಳಿರಲಿಲ್ಲ. ಪದವಿ ತಾಯಿ ಮಾರ್ಗರೆಟ್‌ಗೆ ಬಂತು. ಒಡಹುಟ್ಟಿದ ಜೇಮ್ಸ್ 1388ರಲ್ಲಿ ಒಟರ್‌ಬರ್ನ್ ಕಾಳಗದಲ್ಲಿ ಮಡಿದ. ತಾಯಿಯೂ ತೀರಿಕೊಂಡ ಮೇಲೆ ಮಾರ್ ಇಸಬೆಲ್ ಪಾಲಿಗೆ ಉಳಿಯಿತು. ಗಂಡ ಮಾಲ್ಕಮ್ ಡ್ರಮಂಡ್ ಶತ್ರುಗಳ ಸೆರೆಯಲ್ಲೇ ಸತ್ತ. ಮಕ್ಕಳಿರಲಿಲ್ಲ.

ಅಷ್ಟು ನೆಲವಿರುವ ವಿಧವೆಯ ಮೇಲೆ ಕಣ್ಣು ಬೀಳದೆ ಇದ್ದೀತೇ? ರಾಜನ ತಮ್ಮನ ಅನೌರಸ ಮಗ ಅಲೆಕ್ಸಾಂಡರ್ ಸ್ಟೂವರ್ಟ್ 1404ರಲ್ಲಿ ದಂಡು ಕಟ್ಟಿಕೊಂಡು ಬಂದು ಅವಳ ಕಿಲ್‌ಡ್ರಮ್ಮಿ ಕೋಟೆ ಹಿಡಿದ. ಆಗಸ್ಟ್ 12ರಂದು ಅವಳು ಪತ್ರ ಬರೆದುಕೊಟ್ಟಳು: ಸಂಸ್ಥಾನ ಅವನದು, ಇಬ್ಬರಿಗೂ ಮಕ್ಕಳಾಗದಿದ್ದರೆ ಮುಂದೆ ಅವನ ವಾರಸುದಾರರದು. ದೊರೆ ಮೂರನೇ ರಾಬರ್ಟ್ ಇದನ್ನು ಮಂಜೂರು ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಕೋಟೆಯ ಬಾಗಿಲ ಹೊರಗೆ ಜನ ಸೇರಿದರು. ರಾಸ್‌ನ ಬಿಷಪ್ ಇದ್ದ, ಸೀಮೆಯ ಒಕ್ಕಲುಗಳಿದ್ದರು. ಅಲೆಕ್ಸಾಂಡರ್ ಬೀಗದ ಕೈಗಳನ್ನು, ಹಳೆಯ ಸನ್ನದುಗಳನ್ನು, ಬೆಳ್ಳಿ ಪಾತ್ರೆಗಳನ್ನು ಅವಳಿಗೆ ಒಪ್ಪಿಸಿದ. ಬೀಗದ ಕೈ ಹಿಡಿದು ನಿಂತ ಇಸಬೆಲ್, ಸ್ವಇಚ್ಛೆಯಿಂದ ಇವನನ್ನು ವರಿಸುತ್ತೇನೆ ಎಂದು ಸಾರಿದಳು. ದಂಡಿನ ನೆರಳಿನಲ್ಲಿ ಆಡಿದ ಆ ಮಾತಿಗೆ ಬೆಲೆ ಎಷ್ಟು ಎಂದು ಕೇಳಬಹುದು, ಕೇಳಲೇಬೇಕು. ಆದರೆ ಡಿಸೆಂಬರ್ 9ರ ಹೊಸ ಪತ್ರ ನೋಡಿದರೆ ಅವಳು ಸುಮ್ಮನೆ ಸೋತವಳೆಂದು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳಾಗದಿದ್ದರೆ ಸಂಸ್ಥಾನ ಈ ಬಾರಿ ಅವನ ಕಡೆಯವರಿಗಲ್ಲ, ಅವಳ ರಕ್ತಸಂಬಂಧಿಗಳಿಗೆ. ಮುಂದಿನ ಜನವರಿಯಲ್ಲಿ ದೊರೆಯ ಮುದ್ರೆಯೂ ಬಿತ್ತು.

ಅವಳು ತೀರಿಕೊಂಡದ್ದು 1408ರಲ್ಲಿ. ಅಲೆಕ್ಸಾಂಡರ್ 1435ರಲ್ಲಿ ಸತ್ತಾಗ ಆಗಿನ ದೊರೆ ಒಂದನೇ ಜೇಮ್ಸ್ ಆ ಪತ್ರವನ್ನು ಬದಿಗೊತ್ತಿ ಮಾರ್ ಅನ್ನು ನುಂಗಿಹಾಕಿದ. ಇಸಬೆಲ್ ಕಡೆಯ ವಾರಸುದಾರರಾದ ಅರ್ಸ್‌ಕಿನ್ ಮನೆತನದವರು ಹಕ್ಕು ಕೇಳಿ 1457ರಲ್ಲಿ ನ್ಯಾಯಾಲಯದಲ್ಲಿ ಸೋತರು. ಪದವಿ ಅವರ ಕೈಸೇರಿದ್ದು 1565ರಲ್ಲಿ, ಸ್ಕಾಟ್ಲೆಂಡಿನ ರಾಣಿ ಮೇರಿಯಿಂದ.

ಅದು ಹಳೆಯದನ್ನು ಹಿಂದಿರುಗಿಸಿದ್ದೋ, ಹೊಸದಾಗಿ ಕೊಟ್ಟದ್ದೋ? 1866ರಲ್ಲಿ ಅರ್ಲ್ ಮಕ್ಕಳಿಲ್ಲದೆ ಸತ್ತಾಗ ಅವನ ಸೋದರಳಿಯನಿಗೂ ಗಂಡುಸಂತತಿಯ ದಾಯಾದಿಗೂ ನಡೆದ ವ್ಯಾಜ್ಯ ಇದೇ. ಹೊಸದು, ಗಂಡಸರಿಗೆ ಮಾತ್ರ ಎಂದು 1875ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. 1885ರಲ್ಲಿ ಸಂಸತ್ತು ಕಾಯ್ದೆ ತಂದು ಹಳೆಯ ಪದವಿಯನ್ನು ಸೋದರಳಿಯನಿಗೆ ಕೊಡಿಸಿತು. ಅದೇ ಪದವಿಯ ಹಕ್ಕಿನಿಂದ ಮಾರ್‌ನ ಕೌಂಟೆಸ್ ಮಾರ್ಗರೆಟ್ 2020ರವರೆಗೂ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುಳಿತಿದ್ದರು.